ಕಪಾಟಿನಲ್ಲಿಟ್ಟ ಪಿಸ್ತೂಲು ಯಾರನ್ನು ಕಾಯುತ್ತದೆ?

ಹಿರೇಕೆರೂರಿನಲ್ಲಿ ಕಳೆದ ತಿಂಗಳು ಇಶಾ ನಮಾಝ್ ಮುಗಿಸಿ ಹೊರಗೆ ಬರುವಾಗ ಒಬ್ಬ ಹುಡುಗ ನನಗಾಗಿ ಕಾಯುತ್ತಾ ನಿಂತಿದ್ದ. ನಮ್ಮ ಕರಾವಳಿ ಕಡೆಯವನೇ, ಇಲ್ಲಿ ಅಂಗಡಿ ಇಟ್ಟು ಏಳೆಂಟು ವರ್ಷ ಆಗಿದೆ. ಸುತ್ತಲಿನ ಹಳ್ಳಿಗಳಿಗೆ ಸಾಮಾನು ಹಾಕಿ, ಬಾಕಿ ವಸೂಲಿ ಮಾಡಿ, ರಾತ್ರಿ ಬೈಕಿನಲ್ಲಿ ಒಬ್ಬನೇ ಬರುತ್ತಾನೆ. "ಉಸ್ತಾದ್, ಒಂದು ಸಣ್ಣ ರಿವಾಲ್ವರಿಗೆ ಲೈಸೆನ್ಸ್ ಮಾಡಿಸೋಣ ಅಂತಿದ್ದೇನೆ. ಮನೆಯಲ್ಲಿ ಉಮ್ಮ, ಹೆಂಡತಿ, ಎರಡು ಮಕ್ಕಳು ಉಂಟು. ತಪ್ಪುಂಟಾ?" ಅಂತ ಕೇಳಿದ. ಸ್ವಲ್ಪ ತಡೆದು, "ಲೈಸೆನ್ಸ್ ಇಲ್ಲದೆಯೂ ಸಿಗ್ತದೆ ಅಂತ ಒಬ್ಬ ಹೇಳ್ತಾನೆ" ಅಂದ.

ಆ ಎರಡನೇ ಮಾತು ನನ್ನ ನಿದ್ದೆ ಕೆಡಿಸಿತು. ಇದು ಅವನೊಬ್ಬನ ಪ್ರಶ್ನೆಯೂ ಅಲ್ಲ. ಗಲಭೆ, ಕೊಲೆ, ದರೋಡೆಯ ಸುದ್ದಿ ಬಂದಾಗಲೆಲ್ಲ ನಮ್ಮ ಯುವಕರ ನಡುವೆ ಇದೇ ಮಾತು ಏಳುತ್ತದೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಹೆದರಿಕೆ ಆಗುವುದು ತಪ್ಪಲ್ಲ, ತನ್ನನ್ನು ಕಾಪಾಡಿಕೊಳ್ಳುವುದೂ ತಪ್ಪಲ್ಲ. ತನ್ನ ಜೀವ, ಮನೆಯವರು, ಸೊತ್ತು ಇವುಗಳ ರಕ್ಷಣೆಯಲ್ಲಿ ಸತ್ತವನು ಹುತಾತ್ಮ ಎಂದು ಮದ್ರಸದ ಮಕ್ಕಳೂ ಕಲಿಯುತ್ತಾರೆ. ದೇಶದ ಕಾನೂನೂ ಈ ಹಕ್ಕು ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯದ್ದೇ. ಆದರೆ ಅದಕ್ಕೊಂದು ಗಡಿ ಉಂಟು. ತಪ್ಪಿಸಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಬಲ ಬಳಸಬೇಕು. ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಈ ಹಕ್ಕೇ ಇಲ್ಲ. ಕಳ್ಳ ಬರಿಗೈಯಲ್ಲಿ ಬೆನ್ನು ತಿರುಗಿಸಿ ಓಡುವಾಗ ಗುಂಡು ಹೊಡೆದರೆ ಕಟಕಟೆಯಲ್ಲಿ ನಿಲ್ಲುವವರು ನೀವೇ.

ಇನ್ನು ಲೈಸೆನ್ಸ್. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳ ಪ್ರಕಾರ 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಬರಬೇಕು, ಬಳಸುವ ತರಬೇತಿ ಆಗಿರಬೇಕು, ಭದ್ರವಾಗಿ ಇಡುವ ಜಾಗ ತೋರಿಸಬೇಕು. ಸುಮ್ಮನೆ ಹೆದರಿಕೆ ಆಗ್ತದೆ ಅಂದರೆ ಸಾಲದು, ಜೀವಕ್ಕೆ ಅಪಾಯ ಇದೆ ಎಂಬುದು ಅಧಿಕಾರಿಗಳಿಗೆ ಮನವರಿಕೆ ಆಗಬೇಕು. "ಕೊಡಗಿನಲ್ಲಿ ಲೈಸೆನ್ಸ್ ಬೇಡವಲ್ಲ?" ಅಂತ ಕೆಲವರು ಕೇಳ್ತಾರೆ. ಅದು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ. 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ನಮಗೂ ನಿಮಗೂ ಅದು ಅನ್ವಯಿಸುವುದಿಲ್ಲ.

ಇನ್ನು ಆ "ಲೈಸೆನ್ಸ್ ಇಲ್ಲದೆ ಸಿಗುವ" ಮಾಲು. 2019ರ ತಿದ್ದುಪಡಿಯ ನಂತರ ಅಕ್ರಮ ಪಿಸ್ತೂಲು ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಜೈಲು, ಮೇಲೆ ದಂಡ. ಮಾಡಿದವನಿಗೆ, ಮಾರಿದವನಿಗೆ 7 ವರ್ಷದಿಂದ ಜೀವಾವಧಿಯವರೆಗೆ. ಕಾಗದದ ಮೇಲಿನ ಶಿಕ್ಷೆ ಇಷ್ಟೇ. ನಮ್ಮ ಮನೆಯೊಂದರಲ್ಲಿ ಅಂಥದ್ದು ಸಿಕ್ಕಿದರೆ ಮಾರನೇ ದಿನ ಪತ್ರಿಕೆಯಲ್ಲಿ ಏನು ಬರುತ್ತದೆ, ಉಮ್ಮನನ್ನು ಯಾರು ಏನು ಕೇಳ್ತಾರೆ, ಜಮಾಅತಿನ ಎಷ್ಟು ಹುಡುಗರನ್ನು ಠಾಣೆಗೆ ಕರೆಸ್ತಾರೆ, ಇದು ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಸರಿ, ಕಾನೂನು ಪ್ರಕಾರವೇ ಸಿಕ್ಕಿತು ಅಂತಿಟ್ಟುಕೊಳ್ಳಿ. ಅದು ಕಾಪಾಡುತ್ತದಾ?

ನಮ್ಮ ಪಕ್ಕದ ಧಾರವಾಡವನ್ನೇ ನೋಡಿ. 2015ರ ಆಗಸ್ಟ್ 30ರ ಬೆಳಿಗ್ಗೆ ಡಾ. ಎಂ. ಎಂ. ಕಲಬುರ್ಗಿ ಅವರ ಮನೆ ಬಾಗಿಲಿಗೆ ಬಂದವರು ನಾಡ ಪಿಸ್ತೂಲಿನಿಂದ ಗುಂಡು ಹೊಡೆದು ಹೋದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಮನೆ ಮುಂದೆಯೇ ಕೊಂದರು. ಎರಡಕ್ಕೂ ಬಳಸಿದ್ದು 7.65 ಎಂ.ಎಂ. ಪಿಸ್ತೂಲು, ಅದೂ ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. 7.65 ಅಂದರೆ ನಮ್ಮವರು ಲೈಸೆನ್ಸ್ ಕೇಳುವ ಪಾಯಿಂಟ್ 32 ಪಿಸ್ತೂಲಿನದ್ದೇ ಅಳತೆ. ಅಳತೆ ಸಣ್ಣದು, ಹೋದ ಜೀವ ಸಣ್ಣದಲ್ಲ. ಕಲಬುರ್ಗಿ ಅವರ ಕಪಾಟಿನಲ್ಲಿ ಒಂದು ರಿವಾಲ್ವರ್ ಇದ್ದಿದ್ದರೆ ಏನಾಗುತ್ತಿತ್ತು? ಬಾಗಿಲಿಗೆ ಬಂದವರನ್ನು ಮಾತಾಡಿಸಲು ಎದ್ದು ಬರುವ ಮನುಷ್ಯ ಕೈಯಲ್ಲಿ ಪಿಸ್ತೂಲು ಹಿಡಿದು ಬರುತ್ತಾನಾ? ಹೊಡೆಯಲು ಬಂದವನು ತಯಾರಾಗಿ ಬರುತ್ತಾನೆ. ನಾವು ಬೀಗ ತೆಗೆದು, ಗುಂಡು ತುಂಬಿ, ಗುರಿ ಇಡುವಷ್ಟು ಸಮಯ ಅವನು ಕೊಡುವುದಿಲ್ಲ. ಬೀಗ ಹಾಕದೆ, ಗುಂಡು ತುಂಬಿಯೇ ಇಟ್ಟರೆ ಅದು ಮೊದಲು ಸಿಗುವುದು ಮಕ್ಕಳ ಕೈಗೆ.

ಅದು ಬೇಕಾಗುವುದು ಒಂದು ಕ್ಷಣಕ್ಕೆ. ಆದರೆ ಮನೆಯಲ್ಲಿ ಇರುವುದು ವರ್ಷದ 365 ದಿನ. ಅಣ್ಣತಮ್ಮಂದಿರ ಆಸ್ತಿ ಜಗಳದ ದಿನವೂ, ಮನೆಯ ಯಾರೋ ಒಬ್ಬರು ಸಾಲದಿಂದ, ಬೇಸರದಿಂದ ಕುಗ್ಗಿ ಕೂತ ರಾತ್ರಿಯೂ ಅದು ಅಲ್ಲೇ ಇರುತ್ತದೆ. ಆತ್ಮರಕ್ಷಣೆಗೆ ಅಂತ ಕೋಟಿಗಟ್ಟಲೆ ಜನ ಬಂದೂಕು ಇಟ್ಟುಕೊಂಡ ಅಮೆರಿಕದಲ್ಲಿ 2021ರಲ್ಲಿ ಗುಂಡಿಗೆ ಸತ್ತವರು 48,830 ಮಂದಿ. ಅದರಲ್ಲಿ 26,328 ಮಂದಿಯದ್ದು ಆತ್ಮಹತ್ಯೆ. ಅರ್ಧಕ್ಕಿಂತ ಹೆಚ್ಚು ಜನರನ್ನು ಕೊಂದದ್ದು ಹೊರಗಿನ ಶತ್ರು ಅಲ್ಲ.

ಮಸೀದಿಗೆ, ಸಂತೆಗೆ ಬಾಣ ಹಿಡಿದು ಬರುವವನು ಅದರ ಮೊನೆಯನ್ನು ಕೈಯಲ್ಲಿ ಮುಚ್ಚಿ ಹಿಡಿಯಬೇಕು, ಯಾರಿಗೂ ತಾಗಬಾರದು ಎಂದು ಪ್ರವಾದಿಯವರು (ಸ) ಕಲಿಸಿದರು. ತಮಾಷೆಗೂ ಸಹೋದರನ ಕಡೆ ಆಯುಧ ತೋರಿಸಬಾರದು ಎಂದರು. ಶೈತಾನ ಯಾವಾಗ ಕೈ ಜಾರಿಸುತ್ತಾನೋ ಹೇಳಲಾಗದು. ಆಯುಧ ಹಿಡಿಯುವುದು ಸಾಮಾನ್ಯವಾಗಿದ್ದ ಕಾಲದಲ್ಲೇ ಇಷ್ಟು ಎಚ್ಚರ ಇತ್ತು.

ಹಾಗಾದರೆ ಆ ಹುಡುಗ ಏನು ಮಾಡಬೇಕು? ನಾನು ಅವನಿಗೆ ಹೇಳಿದ್ದು ಇಷ್ಟು. ಬಾಕಿ ಹಣ ಆದಷ್ಟು ಫೋನ್‌ಪೇಯಲ್ಲಿ ತಗೋ. ನೋಟು ಬಂದದ್ದನ್ನು ಹಗಲಿನಲ್ಲೇ ಬ್ಯಾಂಕಿಗೆ ಕಟ್ಟು. ಒಂದೇ ದಾರಿ, ಒಂದೇ ಹೊತ್ತು ಮಾಡಬೇಡ, ಜೊತೆಗೊಬ್ಬ ಇರಲಿ. ಅಂಗಡಿಗೆ ಕ್ಯಾಮೆರಾ ಹಾಕಿಸು. 112ಕ್ಕೆ ಫೋನ್ ಮಾಡುವುದನ್ನು ಮನೆಯ ಹೆಂಗಸರಿಗೂ ಕಲಿಸು. ಯಾರಾದರೂ ಬೆದರಿಸಿದ್ದರೆ ಬಾಯಲ್ಲಿ ಹೇಳಿ ಬಿಡಬೇಡ, ಠಾಣೆಯಲ್ಲಿ ಬರೆದು ಕೊಟ್ಟು ಸ್ವೀಕೃತಿ ತಗೋ. ಎಲ್ಲಕ್ಕಿಂತ ಮುಖ್ಯ, ಪಕ್ಕದ ಅಂಗಡಿಯವರೊಂದಿಗೆ ಚೆನ್ನಾಗಿರು. ರಾತ್ರಿ ಕೂಗಿದರೆ ಮೊದಲು ಓಡಿ ಬರುವವರು ಅವರೇ, ಅವರ ಜಾತಿ ಯಾವುದಾದರೂ ಇರಲಿ.

ಜಮಾಅತ್ ಕಮಿಟಿಗಳಿಗೂ ಒಂದು ಕೆಲಸ ಉಂಟು. ಹಣ ಹಿಡಿದು ರಾತ್ರಿ ಬರುವ ವ್ಯಾಪಾರಿಗಳು ಜೊತೆಯಾಗಿ ಬರುವ ವ್ಯವಸ್ಥೆ ಮಾಡಲಿ. ಬೆದರಿಕೆ ಇರುವವರ ಜೊತೆ ಇಬ್ಬರು ಹಿರಿಯರು ಠಾಣೆಗೆ ಹೋಗಲಿ. ಹುಡುಗ ಒಬ್ಬನೇ ಹೆದರುತ್ತಾ ಕೂತಾಗಲೇ ಪಿಸ್ತೂಲು ಮಾರುವವನ ಮಾತು ಸಿಹಿಯಾಗುವುದು.

ಆ ಹುಡುಗ ತಲೆಯಾಡಿಸಿ ಹೋದ. ಪೂರ್ತಿ ಒಪ್ಪಿದನೋ ಇಲ್ಲವೋ ಗೊತ್ತಿಲ್ಲ. ಆದರೆ ಅವನು ತಗೊಳ್ಳುವ ಮೊದಲು ಕೇಳಿದ. ಕೇಳದವರು ಎಷ್ಟು ಮಂದಿ ಇದ್ದಾರೋ! ಈ ವಾರ ಊಟಕ್ಕೆ ಕೂತಾಗ ನಿಮ್ಮ ಮಗನನ್ನು, ತಮ್ಮನನ್ನು ಬೈಯದೆ ಒಮ್ಮೆ ಕೇಳಿ ನೋಡಿ: "ನಿನಗೆ ಯಾರದ್ದಾದರೂ ಹೆದರಿಕೆ ಉಂಟಾ?"