ಕನ್ನಡ ಚಿತ್ರಕ್ಕೆ ಮುಂಬಯಿ ಬಾಗಿಲು ತೆರೆಯಿತು, ಕನ್ನಡಕ್ಕೆ?

ದಹಿಸರ್: ಮೆಟ್ರೋ ರೈಲಿನ 2ಎ ಮತ್ತು 7ನೇ ಮಾರ್ಗಗಳ ಮೊದಲ ಹಂತ ದಹಿಸರ್ ಪೂರ್ವದಿಂದ ಓಡಲಾರಂಭಿಸಿದ್ದು 2022ರ ಎಪ್ರಿಲ್ 2ರಂದು. ಅದಾಗಿ ಹನ್ನೆರಡೇ ದಿನಕ್ಕೆ, ಎಪ್ರಿಲ್ 14ರಂದು, ‘ಕೆಜಿಎಫ್ ಚಾಪ್ಟರ್ 2’ ತೆರೆ ಕಂಡಿತು. ಬೊರಿವಲಿ, ದಹಿಸರ್, ಮೀರಾರೋಡ್, ಭಾಯಂದರ್ ಪರಿಸರದ ತುಳು-ಕನ್ನಡಿಗರು ಹೆಮ್ಮೆ ಪಟ್ಟರು. ಚಿತ್ರದ ಹಿಂದಿ ಆವೃತ್ತಿಯೊಂದರ ಗಳಿಕೆಯೇ 400 ಕೋಟಿ ರೂ. ದಾಟಿತು. ಕನ್ನಡ ಚಿತ್ರವೊಂದಕ್ಕೆ ಉತ್ತರ ಭಾರತದಲ್ಲಿ ಇಂಥ ಸ್ವಾಗತ ಹಿಂದೆಂದೂ ಸಿಕ್ಕಿರಲಿಲ್ಲ.

ಈ ಹೆಮ್ಮೆಯ ನಡುವೆ ನಾವು ಗಮನಿಸದೆ ಬಿಟ್ಟ ಸಂಗತಿಯೊಂದಿದೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಆ ಚಿತ್ರವನ್ನು ನೋಡಿದ್ದು ಹಿಂದಿಯಲ್ಲಿ. ಚಿತ್ರ ಕನ್ನಡದ್ದು, ನಾಯಕ ಯಶ್ ನಮ್ಮವನು, ಹಣ ಹೂಡಿದ ಸಂಸ್ಥೆ ಬೆಂಗಳೂರಿನದು. ಕಿವಿಗೆ ಬಿದ್ದ ಭಾಷೆ ಮಾತ್ರ ಬೇರೆ. ಕನ್ನಡ ಚಿತ್ರರಂಗದ ತಯಾರಿಕೆಯೂ ಮಾರಾಟವೂ ಬದಲಾದ ಬಗೆಯನ್ನು ಹೊರನಾಡ ಕನ್ನಡಿಗರು ಈ ಕಡೆಯಿಂದಲೂ ನೋಡಬೇಕಾಗಿದೆ.

ಕೊಲ್ಹಾಪುರದಲ್ಲಿ ಹುಟ್ಟಿದ ಮಾತು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು. ಅದು ತಯಾರಾದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಹಣ ಹಾಕಿದವರು ಮಾರ್ವಾಡಿ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ, ನಿರ್ದೇಶಕರು ವೈ.ವಿ. ರಾವ್. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರಂಥ ರಂಗಭೂಮಿಯ ಕಲಾವಿದರು ಅದರಲ್ಲಿ ಅಭಿನಯಿಸಿದರು. ಬಳಿಕ ದಶಕಗಳ ಕಾಲ ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳನ್ನು ಅವಲಂಬಿಸಿದವು. 1954ರಲ್ಲಿ ಡಾ. ರಾಜ್‌ಕುಮಾರ್ ಅವರನ್ನು ನಾಯಕರನ್ನಾಗಿಸಿದ ‘ಬೇಡರ ಕಣ್ಣಪ್ಪ’ವೂ ಇದಕ್ಕೆ ಹೊರತಲ್ಲ. ಅಂದು ಜಾಗ, ಯಂತ್ರ ಪರರದ್ದಾಗಿದ್ದರೂ ತೆರೆಯ ಮೇಲಿನ ಮಾತು ಕನ್ನಡವೇ ಆಗಿತ್ತು. ಇಂದು ಬಂಡವಾಳ, ತಂತ್ರಜ್ಞಾನ ಎಲ್ಲವೂ ನಮ್ಮದೇ ಆಗಿದ್ದರೂ ಮುಂಬಯಿಯ ಪ್ರೇಕ್ಷಕನಿಗೆ ತಲುಪುವ ಹೊತ್ತಿಗೆ ಮಾತು ಪರರದ್ದಾಗಿರುತ್ತದೆ.

ಮುಂಬಯಿ ಕನ್ನಡಿಗರೂ ಈ ಚರಿತ್ರೆಯಲ್ಲಿ ಬರೀ ಪ್ರೇಕ್ಷಕರಾಗಿ ಉಳಿದವರಲ್ಲ. ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ವನ್ನು 1977ರಲ್ಲಿ ನಿರ್ಮಿಸಿದವರು ಮೂಲ್ಕಿ ಮೂಲದ, ಮುಂಬಯಿ ಕನ್ನಡ ರಂಗಭೂಮಿಯ ಹಿರಿಯರಾದ ಸದಾನಂದ ಸುವರ್ಣರು. ಆ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಲಭಿಸಿತು. ಸುವರ್ಣರು ನಿಧನರಾದ 2024ರಲ್ಲಿಯೇ, ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುತುವರ್ಜಿಯಿಂದ ಪುನರುಜ್ಜೀವನಗೊಂಡ ಅದರ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಈ ನಗರದ ಕನ್ನಡಿಗನೊಬ್ಬ ಹಾಕಿದ ಹಣ ನಲವತ್ತೇಳು ವರ್ಷಗಳ ನಂತರವೂ ಕನ್ನಡದ ಮರ್ಯಾದೆಯನ್ನು ಲೋಕದ ಮುಂದೆ ಎತ್ತಿ ಹಿಡಿದಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಡಬ್ಬಿಂಗ್: ತಿರುಗಿ ಬಿದ್ದ ಪ್ರಶ್ನೆ

ಕರ್ನಾಟಕದಲ್ಲಿ 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ, ಡಾ. ರಾಜ್‌ಕುಮಾರ್ ಮೊದಲಾದವರು ಡಬ್ಬಿಂಗ್ ವಿರುದ್ಧ ದನಿಯೆತ್ತಿದರು. ಪರಭಾಷಾ ಚಿತ್ರಗಳು ಕನ್ನಡದ ಮುಖವಾಡ ತೊಟ್ಟು ಬಂದರೆ ನಮ್ಮ ಕಲಾವಿದರಿಗೆ, ತಂತ್ರಜ್ಞರಿಗೆ ಕೆಲಸವೇ ಉಳಿಯುವುದಿಲ್ಲ ಎಂಬುದು ಅವರ ವಾದ. ಬರಹದಲ್ಲಿ ಕಾನೂನಿಲ್ಲದಿದ್ದರೂ ಆ ಕಟ್ಟುಪಾಡು ದಶಕಗಳ ಕಾಲ ಉಳಿಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ತೀರ್ಪು ನೀಡಿತು. 2017ರಿಂದ ಡಬ್ಬಿಂಗ್ ಚಿತ್ರಗಳು ಕನ್ನಡದಲ್ಲಿ ಮತ್ತೆ ಬರತೊಡಗಿದವು.

ಒಳನಾಡಿನಲ್ಲಿ ಈ ಜಗಳ ಮುಗಿಯುವಷ್ಟರಲ್ಲಿ ಹೊರಗಿನ ಚಿತ್ರಣವೇ ಬದಲಾಗಿತ್ತು. 2018ರ ಡಿಸೆಂಬರ್‌ನಲ್ಲಿ ‘ಕೆಜಿಎಫ್’ ಮೊದಲ ಭಾಗ ಐದು ಭಾಷೆಗಳಲ್ಲಿ ಒಟ್ಟಿಗೆ ತೆರೆ ಕಂಡಿತು. ಡಬ್ಬಿಂಗ್ ಬೇಡವೆಂದಿದ್ದ ಉದ್ಯಮವೇ ಡಬ್ಬಿಂಗ್ ಬಲದಿಂದ ದೇಶವ್ಯಾಪಿಯಾಯಿತು. ಇದನ್ನು ತಪ್ಪೆನ್ನಲಾಗದು, ದೊಡ್ಡ ಬಂಡವಾಳಕ್ಕೆ ದೊಡ್ಡ ಮಾರುಕಟ್ಟೆ ಬೇಕೇ ಬೇಕು. ಆದರೆ ಕರ್ನಾಟಕದೊಳಗಿನ ಕನ್ನಡಿಗನಿಗೆ ಕನ್ನಡದ ಪ್ರತಿ ಹೇಗೂ ಸಿಗುತ್ತದೆ. ಹೊರಗಿನವರಿಗೆ ಹಿಂದಿಯ ಪ್ರತಿ ಬೇಕು, ಅದೂ ಸಿಗುತ್ತದೆ. ಇವೆರಡರ ಮಧ್ಯೆ ಸಿಕ್ಕಿಕೊಂಡವರು ದಹಿಸರ್‌ನಂಥ ಕಡೆ ನೆಲೆಸಿದ ನಾವು.

ಕೈಚೀಟಿಯಿಂದ ಮೊಬೈಲಿಗೆ

ಹಿಂದೆ ಮುಂಬಯಿಯಲ್ಲಿ ಕನ್ನಡ ಚಿತ್ರ ನೋಡುವುದೆಂದರೆ ಅದೊಂದು ಸಂಘಟಿತ ಕೆಲಸ. ಮಾಟುಂಗಾ ಕಿಂಗ್ಸ್ ಸರ್ಕಲ್‌ನ ಅರೋರಾ ಚಿತ್ರಮಂದಿರ ದಕ್ಷಿಣದ ಚಿತ್ರಗಳಿಗೆ ಹೆಸರಾಗಿತ್ತು. ರವಿವಾರದ ಬೆಳಗಿನ ಪ್ರದರ್ಶನಕ್ಕೆ, ಸಹಾಯಾರ್ಥ ಪ್ರದರ್ಶನಕ್ಕೆ ಸಂಘಗಳ ಕಾರ್ಯಕರ್ತರು ಮನೆ ಮನೆಗೆ, ಹೊಟೇಲು ಹೊಟೇಲಿಗೆ ಹೋಗಿ ಟಿಕೇಟು ಮಾರುತ್ತಿದ್ದರು. ಉಳಿದ ಹಣ ಕಟ್ಟಡ ನಿಧಿಗೋ ವಿದ್ಯಾರ್ಥಿವೇತನಕ್ಕೋ ಸೇರುತ್ತಿತ್ತು. ಪ್ರಚಾರವೆಂದರೆ ಕೈಚೀಟಿ, ಪತ್ರಿಕೆಯ ಪ್ರಕಟಣೆ, ಬಾಯಿಮಾತು.

ಕರ್ನಾಟಕದಲ್ಲೂ ಈ ಅವಧಿಯಲ್ಲಿ ದಾರಿಗಳು ಬದಲಾದವು. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷಕ್ಕೂ ಮಿಕ್ಕಿ ಓಡಿ, ಮಾಲ್‌ಗಳಲ್ಲೂ ಕನ್ನಡಕ್ಕೆ ಪ್ರೇಕ್ಷಕರಿದ್ದಾರೆಂದು ತೋರಿಸಿತು. ಮುಂಬಯಿಯಲ್ಲಿ ದೀರ್ಘಕಾಲ ಬಾಳಿದ ಜಯಂತ ಕಾಯ್ಕಿಣಿ ಅದಕ್ಕೆ ಹಾಡು ಬರೆದಿದ್ದರು. 2013ರಲ್ಲಿ ಪವನ್ ಕುಮಾರ್ ‘ಲೂಸಿಯಾ’ಕ್ಕೆ ಅಂತರ್ಜಾಲದ ಮೂಲಕ ನೂರಕ್ಕೂ ಹೆಚ್ಚು ಜನರಿಂದ ಅರ್ಧ ಕೋಟಿ ರೂ. ಆಸುಪಾಸು ಹಣ ಕೂಡಿಸಿದರು. ಪ್ರೇಕ್ಷಕನೇ ನಿರ್ಮಾಪಕನಾದ. 2020ರ ಜುಲೈಯಲ್ಲಿ, ಕೊರೊನಾ ಕಾಲದಲ್ಲಿ, ಪುನೀತ್ ರಾಜ್‌ಕುಮಾರ್ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಚಿತ್ರಮಂದಿರಕ್ಕೆ ಬಾರದೆ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾದವು. ‘ಕಾಂತಾರ’ದ ವೇಳೆಗೆ ದಕ್ಷಿಣದ ಭಾಷೆಗಳ ಪ್ರತಿ ಪ್ರೈಮ್‌ನಲ್ಲಿ, ಹಿಂದಿ ಪ್ರತಿ ನೆಟ್‌ಫ್ಲಿಕ್ಸ್‌ನಲ್ಲಿ. ಹೀಗೆ ಒಂದೇ ಚಿತ್ರ ಭಾಷೆಗನುಗುಣವಾಗಿ ಎರಡು ಅಂಗಡಿಗಳಲ್ಲಿ ಮಾರಾಟಕ್ಕಿತ್ತು. ಮನೆಯಲ್ಲಿ ಯಾವ ಅಂಗಡಿಯ ಚಂದಾ ಕಟ್ಟಿದ್ದೇವೆ ಎಂಬುದರ ಮೇಲೆ ಮಕ್ಕಳು ಕೇಳುವ ಭಾಷೆ ನಿರ್ಧಾರವಾಗುವ ಕಾಲವಿದು.

ತೆರೆಯ ಮೇಲೆ ನಾವು

ಇನ್ನು ಚಿತ್ರಣದ ಮಾತು. ಹಿಂದಿ ಚಿತ್ರಗಳಲ್ಲಿ ದಕ್ಷಿಣದವರೆಲ್ಲ ಬಹುಕಾಲ ‘ಮದರಾಸಿ’ಗಳೇ. 1968ರ ‘ಪಡೋಸನ್’ನಲ್ಲಿ ಮೆಹಮೂದ್ ನಗಿಸಿದ ಬಗೆ ಅದು. ಕರಾವಳಿಯಿಂದ ಬಂದ ಎಂ.ಬಿ. ಶೆಟ್ಟಿ ಹೊಡೆದಾಟದ ದೃಶ್ಯಗಳಿಂದ ಮನೆಮಾತಾದರು. ಅವರ ಪುತ್ರ ರೋಹಿತ್ ಶೆಟ್ಟಿ 2011ರಲ್ಲಿ ನಿರ್ದೇಶಿಸಿದ ‘ಸಿಂಘಂ’ನಲ್ಲಿ ಕನ್ನಡಿಗರನ್ನು ಹೀಗಳೆಯುವಂತಿದ್ದ ಸಂಭಾಷಣೆಗೆ ಕರ್ನಾಟಕದಲ್ಲಿ ಪ್ರತಿಭಟನೆ ನಡೆದು, ಅದನ್ನು ತೆಗೆಯಲಾಯಿತು.

ಕನ್ನಡ ಚಿತ್ರಗಳೇನೂ ನಮ್ಮ ಬಗ್ಗೆ ಹೆಚ್ಚು ಉದಾರವಾಗಿರಲಿಲ್ಲ. ಮಂಗಳೂರು ಕನ್ನಡವೆಂದರೆ ಬಹುಕಾಲ ನಗೆಗೆ ಒದಗುವ ಮಾತಾಗಿತ್ತು. ಇದನ್ನು ಬದಲಿಸಿದವರು ಕರಾವಳಿಯ ಹೊಸ ತಲೆಮಾರಿನವರು. ಮಲ್ಪೆಯ ‘ಉಳಿದವರು ಕಂಡಂತೆ’ (2014), ಮಂಗಳೂರಿನ ‘ಒಂದು ಮೊಟ್ಟೆಯ ಕಥೆ’ (2017), ಗಡಿನಾಡ ಕನ್ನಡ ಶಾಲೆಯ ಅಳಿವು-ಉಳಿವನ್ನು ಹೇಳಿದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ (2018), ಕುಂದಾಪುರದ ‘ಕಾಂತಾರ’ (2022), 2025ರ ‘ಸು ಫ್ರಮ್ ಸೋ’ ಇವೆಲ್ಲ ಆಯಾ ಊರಿನ ಮಾತನ್ನೇ ಗಂಭೀರವಾಗಿ ಬಳಸಿದವು. ‘ಕಾಂತಾರ’ದ ಬೆನ್ನಿಗೇ ಕರ್ನಾಟಕ ಸರಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂ. ಮಾಸಾಶನ ಘೋಷಿಸಿತು. ಜತೆಗೆ, 2025ರಲ್ಲಿ ‘ಕಾಂತಾರ ಚಾಪ್ಟರ್ 1’ ಬಂದಾಗ ದೈವದ ಅನುಕರಣೆ ಮಾಡಬೇಡಿರೆಂದು ಚಿತ್ರತಂಡವೇ ವಿನಂತಿಸಬೇಕಾಗಿ ಬಂತು. ತೆರೆಯ ಮೇಲಿನ ಚಿತ್ರಣಕ್ಕೆ ಎಷ್ಟು ಶಕ್ತಿಯಿದೆ, ಎಷ್ಟು ಅಪಾಯವೂ ಇದೆ ಎಂಬುದಕ್ಕೆ ಇದು ನಿದರ್ಶನ. ಕುಂದಾಪ್ರ ಕನ್ನಡದ ಆ ಸೊಗಡು ಹಿಂದಿ ಪ್ರತಿಯಲ್ಲಿ ಇರಲು ಸಾಧ್ಯವೇ ಇಲ್ಲ. ಅಜ್ಜಿಯ ಭಾಷೆಯನ್ನು ತೆರೆಯ ಮೇಲೆ ಕೇಳುವ ಅವಕಾಶ ಬಂದಾಗಲೂ ಮೊಮ್ಮಗ ಅದನ್ನು ಹಿಂದಿಯಲ್ಲಿ ಕೇಳಿದರೆ ನಷ್ಟ ಯಾರಿಗೆ?

ಮುಂಬಯಿ ಕನ್ನಡಿಗನ ಬದುಕಂತೂ ತೆರೆಗೆ ಬಂದದ್ದು ಬಹಳ ಕಡಿಮೆ. ‘ಕೆಜಿಎಫ್’ನ ರಾಕಿ ಬಾಲ್ಯದಲ್ಲೇ ಮುಂಬಯಿ ಸೇರಿ ಭೂಗತ ಲೋಕಕ್ಕೆ ಇಳಿಯುತ್ತಾನೆ. ‘ಉಳಿದವರು ಕಂಡಂತೆ’ಯ ರಾಘು ಊರು ಬಿಟ್ಟು ಮುಂಬಯಿ ಸೇರಿದವನೇ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತು ಮುಂದೆ ಬಂದ ಸಾವಿರಾರು ಮಂದಿಯ ಕಥೆ ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಕಾಯ್ಕಿಣಿಯವರ ಮುಂಬಯಿಯಂತೆ ಪುಸ್ತಕದ ಜಗತ್ತಿನಲ್ಲಿದೆ, ನೆನಪಿನಲ್ಲಿದೆ. ತೆರೆಯ ಮೇಲೆ ಅದರ ಪಾಲು ಅತ್ಯಲ್ಪ.

ಸೋಮವಾರದ ಲೆಕ್ಕ

ಮಲ್ಟಿಪ್ಲೆಕ್ಸ್‌ಗಳ ಲೆಕ್ಕ ಸರಳವಾದುದು. ಶುಕ್ರ, ಶನಿ, ರವಿವಾರ ಯಾವ ಭಾಷೆಯ ಪ್ರತಿಗೆ ಆಸನ ತುಂಬಿತೋ ಸೋಮವಾರದಿಂದ ಅದಕ್ಕೆ ಹೆಚ್ಚು ಪ್ರದರ್ಶನ, ತುಂಬದಿದ್ದರೆ ರದ್ದು. 2009ರಲ್ಲಿ ಹಿಂದಿ ನಿರ್ಮಾಪಕರ ಮುಷ್ಕರದ ನಂತರ ಆದ ಒಪ್ಪಂದದಲ್ಲಿ ಮೊದಲ ವಾರದ ಗಳಿಕೆಯಲ್ಲಿ ಚಿತ್ರದವರಿಗೆ ಶೇ. 50, ನಂತರದ ವಾರಗಳಲ್ಲಿ ಶೇ. 42.5, 37.5, 30 ಎಂದು ಪಾಲು ಇಳಿಯುತ್ತಾ ಹೋಗುವಂತೆ ನಿಗದಿಯಾಯಿತು. ಮೊದಲ ವಾರವೇ ಎಲ್ಲವೂ ಎಂಬ ಸ್ಥಿತಿಗೆ ಇದೂ ಒಂದು ಕಾರಣ. ನಾವು ‘ಆಮೇಲೆ ನೋಡಿದರಾಯಿತು’ ಎಂದು ಕುಳಿತರೆ ಕನ್ನಡ ಪ್ರತಿ ಅಷ್ಟರಲ್ಲಿ ದಹಿಸರ್ ಬಿಟ್ಟು ಹೋಗಿರುತ್ತದೆ. ಮರಾಠಿ ಚಿತ್ರಗಳಿಗೆ ಮಧ್ಯಾಹ್ನ 12ರಿಂದ ರಾತ್ರಿ 9ರೊಳಗೆ ಪ್ರದರ್ಶನ ಕೊಡಬೇಕೆಂದು ಮಹಾರಾಷ್ಟ್ರ ಸರಕಾರ 2015ರಲ್ಲಿ ಮಲ್ಟಿಪ್ಲೆಕ್ಸ್‌ಗಳಿಗೆ ಸೂಚಿಸಿತು. ಅದು ಈ ನೆಲದ ಭಾಷೆಯ ನ್ಯಾಯವಾದ ಹಕ್ಕು. ಹೊರನಾಡಿನ ಕನ್ನಡಕ್ಕೆ ಅಂಥ ರಕ್ಷಣೆಯಿಲ್ಲ. ನಮಗಿರುವುದು ನಮ್ಮ ಸಂಘಗಳ ಬಲವೊಂದೇ.

ಸಂಘಗಳಿಂದ ಏನಾಗಬೇಕು?

ಕೆಲಸ ಕಷ್ಟದ್ದಲ್ಲ. ಚಿತ್ರವೊಂದು ಬಿಡುಗಡೆಯಾಗುವ ವಾರ ಸದಸ್ಯರ ವಾಟ್ಸಪ್ ಬಳಗದಲ್ಲಿ ಕನ್ನಡ ಪ್ರತಿಯ ಪ್ರದರ್ಶನ ಎಲ್ಲಿ, ಎಷ್ಟು ಗಂಟೆಗೆ ಎಂದು ತಿಳಿಸಬಹುದು. ಬೊರಿವಲಿಯಿಂದ ಭಾಯಂದರ್ ತನಕದ ಸಂಘ ಸಂಸ್ಥೆಗಳು ಸೇರಿ ಮೊದಲ ರವಿವಾರದ ಒಂದು ಪ್ರದರ್ಶನವನ್ನು ಇಡಿಯಾಗಿ ಕಾದಿರಿಸಬಹುದು. ತುಳು ಚಿತ್ರಗಳಿಗೆ ನಮ್ಮವರು ಈ ರೀತಿ ವಿಶೇಷ ಪ್ರದರ್ಶನ ಏರ್ಪಡಿಸಿ ಅನುಭವ ಪಡೆದಿದ್ದಾರೆ. ಕನ್ನಡ ಓದಲು ಬಾರದ ಮಕ್ಕಳಿಗೆ ಇಂಗ್ಲಿಷ್ ಅಡಿಬರಹವಿರುವ ಪ್ರದರ್ಶನವನ್ನೇ ಕೇಳಿ ಪಡೆಯಬೇಕು. ಅಡಿಬರಹದ ನೆರವಿನಿಂದ ಕಿವಿಗೆ ಕನ್ನಡ ಬಿದ್ದರೆ ಅದೇ ಅರ್ಧ ಪಾಠ. ವಾರ್ಷಿಕೋತ್ಸವದಲ್ಲಿ ನೃತ್ಯ, ಸನ್ಮಾನಗಳ ಜತೆಗೆ ‘ಘಟಶ್ರಾದ್ಧ’ದಂಥ ಚಿತ್ರವೊಂದನ್ನು ತೋರಿಸಿ, ಅದಕ್ಕೂ ಮುಂಬಯಿಗೂ ಇರುವ ನಂಟನ್ನು ಎಳೆಯರಿಗೆ ಹೇಳಬಹುದು. ‘ಲೂಸಿಯಾ’ದ ದಾರಿಯಲ್ಲಿ ಹತ್ತು ಸಂಘಗಳು ಕೂಡಿದರೆ ರಾತ್ರಿಶಾಲೆಯ ಬಗ್ಗೆ ಒಂದು ಕಿರುಚಿತ್ರ ತಯಾರಿಸುವುದೂ ನಮ್ಮ ಶಕ್ತಿ ಮೀರಿದ ಮಾತಲ್ಲ.

ಕನ್ನಡ ಚಿತ್ರರಂಗ ಮುಂಬಯಿ ಮಾರುಕಟ್ಟೆಯನ್ನು ತನ್ನ ಬಲದಿಂದಲೇ ಗೆದ್ದಿದೆ. ಆ ಗೆಲುವಿನಲ್ಲಿ ಕನ್ನಡ ಭಾಷೆಗೂ ಒಂದು ಆಸನ ಉಳಿಯಬೇಕಾದರೆ ಆ ಟಿಕೇಟನ್ನು ಕೊಳ್ಳಬೇಕಾದವರು ನಾವೇ. ಮುಂದಿನ ದೊಡ್ಡ ಚಿತ್ರ ಬರುವ ಮೊದಲು ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳು ಈ ವಿಷಯವನ್ನು ಸಭೆಯಲ್ಲಿಟ್ಟು ನಿರ್ಧಾರ ಕೈಗೊಳ್ಳುವುದು ಒಳಿತು.