ಹಾಡುಗಳ ಹಾಜರಿ ಪುಸ್ತಕ



ಕಳೆದ ವರ್ಷ ಗಣೇಶನ ಹಬ್ಬದಲ್ಲಿ ನಮ್ಮ ಬಡಾವಣೆಯ ಪೆಂಡಾಲಿನಲ್ಲಿ ನನ್ನ ಮೊಮ್ಮಗಳು ಒಂದು ದೇವರನಾಮ ಹಾಡಿದಳು. ಹಾಡುವ ಮೊದಲು ಮೈಕಿನ ಮುಂದೆ ನಿಂತು, "ಈಗ ಪುರಂದರದಾಸರ ಒಂದು ಕೃತಿ" ಎಂದು ಸ್ಪಷ್ಟವಾಗಿ ಹೇಳಿದಳು. ಹಾಡು ಮುಗಿಯಿತು; ಚಪ್ಪಾಳೆಯೂ ಆಯಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಮಹಿಳೆಯೊಬ್ಬರು ಅವಳನ್ನು ಹತ್ತಿರ ಕರೆದು, "ಚೆನ್ನಾಗಿ ಹಾಡಿದೆ ಮಗು. ಆದರೆ ಕೊನೆಯಲ್ಲಿ ನೀನೇ ಜಗನ್ನಾಥವಿಠಲ ಅಂದೆಯಲ್ಲ, ಅದು ಪುರಂದರದಾಸರದ್ದು ಹೇಗಾದೀತು?" ಎಂದು ಕೇಳಿದರು. ಮಗು ಕ್ಷಣವೂ ಯೋಚಿಸದೆ, "ಅಜ್ಜನ ಕಂಪ್ಯೂಟರಿನಲ್ಲಿ ಹಾಗೇ ಇತ್ತು" ಎಂದು ನನ್ನ ಕಡೆಗೆ ಬೆರಳು ತೋರಿಸಿತು.

ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಮುಖಭಂಗ ಬೇಕೆ? ಪುರಂದರದಾಸರಿಗೂ, ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರಿಗೂ ನಡುವೆ ಎರಡು ಶತಮಾನಗಳ ಅಂತರವಿದೆ. 'ಅಂಕಿತ ಎಂದರೇನು? ಎರಡು ಉದಾಹರಣೆ ಕೊಡಿ' ಎಂಬ ಪ್ರಶ್ನೆಯನ್ನು ನಾನೇ ಎಷ್ಟು ಪರೀಕ್ಷೆಗಳಲ್ಲಿ ಕೇಳಿದ್ದೇನೋ! ನಿಮ್ಮಲ್ಲಿ ಕೆಲವರು ಅದಕ್ಕೆ ತಪ್ಪು ಉತ್ತರ ಬರೆದು ನನ್ನಿಂದ ಅಂಕ ಕಳೆದುಕೊಂಡದ್ದೂ ಉಂಟು. ಇಂದು ನಾನೇ ಅಂಕ ಕಳೆದುಕೊಂಡೆ.

ತಪ್ಪಾದದ್ದು ಹೀಗೆ. ನನ್ನ ಬಳಿ ಇದ್ದ ಕ್ಯಾಸೆಟ್ಟುಗಳನ್ನೆಲ್ಲ 2008ರಲ್ಲಿ ಮಗ ಎಂಪಿ3 ರೂಪಕ್ಕೆ ಇಳಿಸಿಕೊಟ್ಟಿದ್ದ. ಅವುಗಳಿಗೆ ಹೆಸರು ಕೊಡುವ ಕೆಲಸ ನನ್ನದಾಗಿತ್ತು. ಒಂದು ಸಂಜೆ, ದಾಸರ ಪದಗಳೆಂದು ತಿಳಿದಿದ್ದ ಐವತ್ತು ಹಾಡುಗಳನ್ನು ಒಟ್ಟಿಗೆ ಆರಿಸಿಕೊಂಡು, ಎಲ್ಲಕ್ಕೂ ಒಂದೇ ಏಟಿಗೆ 'ಪುರಂದರದಾಸರು' ಎಂದು ತುಂಬಿಬಿಟ್ಟೆ. ಒಂದನ್ನೂ ಕೊನೆಯ ಚರಣದವರೆಗೆ ಕೇಳಲಿಲ್ಲ. ಆ ಸೋಮಾರಿತನ ಹದಿನೈದು ವರ್ಷಗಳಿಗೂ ಮಿಕ್ಕಿ ಕಂಪ್ಯೂಟರಿನಲ್ಲಿ ಅವಿತಿದ್ದು, ಮಗುವಿನ ಬಾಯಲ್ಲಿ ಹೊರಬಂದಿತು. ಅಂದಿನಿಂದ ಪ್ರತಿದಿನ ಬೆಳಗಿನ ಕಾಫಿಯಾದ ಮೇಲೆ ಒಂದು ಗಂಟೆ ಈ ಸಂಗ್ರಹವನ್ನು ತಿದ್ದುತ್ತ ಕುಳಿತಿದ್ದೇನೆ. ಸಾವಿರದ ಆರುನೂರಕ್ಕೂ ಹೆಚ್ಚು ಹಾಡುಗಳಿವೆ. ಈ ಕೆಲಸ ಮಾಡುತ್ತ ನನ್ನ ಮನಸ್ಸಿಗೆ ಬಂದ ಕೆಲವು ವಿಚಾರಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಗೊತ್ತಿಲ್ಲದ ಬಂಧುಗಳಿಗಾಗಿ ಒಂದು ಮಾತು. ಹಾಡಿನ ಕಡತದೊಳಗೇ ಹಾಡಿನ ಹೆಸರು, ಹಾಡಿದವರು, ಆಲ್ಬಂ, ವರ್ಷ ಮುಂತಾದ ವಿವರಗಳನ್ನು ಬರೆದಿಡಲು ಸ್ವಲ್ಪ ಜಾಗವಿರುತ್ತದೆ. ಅದನ್ನು ಟ್ಯಾಗ್ ಎನ್ನುತ್ತಾರೆ. ಎಂಪಿ3 ಹಾಡುಗಳಿಗೆ ಈ ವ್ಯವಸ್ಥೆಯನ್ನು 1996ರಲ್ಲಿ ಎರಿಕ್ ಕೆಂಪ್ ಎಂಬುವರು ರೂಪಿಸಿದರು. ಅದರ ಹೆಸರು ಐಡಿ3. ಮೊದಲು ಅದಕ್ಕಿದ್ದ ಜಾಗ ಒಟ್ಟು 128 ಬೈಟುಗಳು ಮಾತ್ರ. ಹಾಡಿನ ಹೆಸರಿಗೆ 30, ಕಲಾವಿದರ ಹೆಸರಿಗೆ 30, ಆಲ್ಬಮ್ಮಿಗೆ 30. ಸಂಗೀತ ಪ್ರಕಾರಕ್ಕೆಂದು ಎಂಬತ್ತು ಹೆಸರುಗಳ ಪಟ್ಟಿಯೊಂದಿತ್ತು. ಅದರಲ್ಲಿ ಕರ್ನಾಟಕ ಸಂಗೀತವೂ ಇರಲಿಲ್ಲ, ಹಿಂದೂಸ್ತಾನಿಯೂ ಇರಲಿಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕೊಂಬು ದೀರ್ಘಕ್ಕೂ ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್ ಬೇಕು. ಲೆಕ್ಕ ಹಾಕಿ ನೋಡಿದೆ: 'ಕುವೆಂಪು' ಎಂಬುದಕ್ಕೆ 21 ಬೈಟು ಸಾಕು, ಬೇಂದ್ರೆಯವರ 'ಅಂಬಿಕಾತನಯದತ್ತ'ಕ್ಕೆ 39 ಬೇಕು. ಅಂದಿನ ಮೂವತ್ತರ ಮಿತಿಯಲ್ಲಿ ವರಕವಿಗಳ ಕಾವ್ಯನಾಮ ಹಿಡಿಸುತ್ತಲೇ ಇರಲಿಲ್ಲ!

ಆದರೆ ಯಂತ್ರವನ್ನೇ ದೂರುತ್ತ ಕೂರುವುದು ನ್ಯಾಯವಲ್ಲ. 1998ರಲ್ಲಿ ಇದರ ಎರಡನೆಯ ಆವೃತ್ತಿ ಬಂದಿತು. ಅದರಲ್ಲಿ ಹಾಡಿದವರಿಗೆ ಒಂದು ಖಾನೆ, ಸಂಗೀತ ಸಂಯೋಜಕರಿಗೆ ಒಂದು ಖಾನೆ, ಸಾಹಿತ್ಯ ಬರೆದವರಿಗೆ ಪ್ರತ್ಯೇಕವಾಗಿ ಇನ್ನೊಂದು ಖಾನೆ ಇವೆ. ಕನ್ನಡ ಲಿಪಿಯಲ್ಲೇ ಬರೆಯಬಹುದು. ಅಂದರೆ ಇಪ್ಪತ್ತೈದು ವರ್ಷಗಳಿಂದಲೂ ಕವಿಗೆ ಕುರ್ಚಿ ಹಾಕಿಟ್ಟಿದ್ದಾರೆ. ಕರೆದು ಕೂರಿಸದೆ ಇರುವವರು ನಾವು.

ನನ್ನ ಮುಖ್ಯ ತಕರಾರು ಇರುವುದು ಇಲ್ಲಿಯೇ. ನಮ್ಮ ಮನೆಗಳಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹರಿದಾಡುವ ಭಾವಗೀತೆಗಳನ್ನು ತೆರೆದು ನೋಡಿರಿ. ಹಾಡಿದವರ ಹೆಸರಿರುತ್ತದೆ, ಕೆಲವೊಮ್ಮೆ ಸಂಗೀತ ಸಂಯೋಜಕರ ಹೆಸರೂ ಇರುತ್ತದೆ. ಕವಿಯ ಹೆಸರು ಮಾತ್ರ ಇರುವುದಿಲ್ಲ. ಶಿಶುನಾಳ ಷರೀಫರ ಪದಗಳೆಲ್ಲ ಸಿ. ಅಶ್ವತ್ಥರ ಹೆಸರಿನಲ್ಲಿ ಇರುತ್ತವೆ. ಅಶ್ವತ್ಥರು ಆ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದರೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಷರೀಫರು 1889ರಲ್ಲಿ ತೀರಿಕೊಂಡವರು. ತಮ್ಮ ಪರವಾಗಿ ತಾವೇ ಬಂದು ಮಾತನಾಡಲಾರರು. ಭಾವಗೀತೆ ಎಂಬ ಪ್ರಕಾರ ನಿಂತಿರುವುದೇ ಮಾತಿನ ಮೇಲೆ. ಕವಿಯ ಹೆಸರನ್ನು ಬಿಟ್ಟು ಅದನ್ನು ಕೂಡಿಡುವುದೆಂದರೆ, ಮದುವೆಯ ಕರೆಯೋಲೆಯಲ್ಲಿ ಛತ್ರದ ಹೆಸರನ್ನು ದಪ್ಪಕ್ಷರದಲ್ಲಿ ಮುದ್ರಿಸಿ ವಧೂವರರ ಹೆಸರನ್ನು ಮರೆತಂತೆ.

ಹಿಂದೆ ಹೀಗಿರಲಿಲ್ಲ. ಆಕಾಶವಾಣಿಯಲ್ಲಿ ಭಾವಗೀತೆ ಪ್ರಸಾರವಾಗುವಾಗ ಉದ್ಘೋಷಕರು ರಚನೆ ಯಾರದು, ರಾಗಸಂಯೋಜನೆ ಯಾರದು, ಹಾಡುವವರು ಯಾರು ಎಂದು ಕ್ರಮವಾಗಿ ಹೇಳುತ್ತಿದ್ದರು. ಎಷ್ಟೋ ಕವಿಗಳ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಹಾಗೆಯೇ, ಪುಸ್ತಕ ಕೈಗೆ ಸಿಕ್ಕಿದ್ದು ಆಮೇಲೆ. ನಿಸಾರ್ ಅಹಮದರ ಗೀತೆಗಳ 'ನಿತ್ಯೋತ್ಸವ' 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ಟಾಗಿ ಬಂದಾಗ, ನಾವು ಅದನ್ನು ಕವಿಯ ಕ್ಯಾಸೆಟ್ಟೆಂದೇ ಕರೆದೆವು. ಕ್ಯಾಸೆಟ್ಟಿನ ಡಬ್ಬಿಯೊಳಗಿನ ಆ ಮಡಿಸಿದ ಕಾಗದವನ್ನು ಓದುತ್ತ ಹಾಡು ಕೇಳುವುದೇ ಒಂದು ಸುಖವಾಗಿತ್ತು. ಎಂಪಿ3 ಬಂದಾಗ ಹಾಡು ಉಳಿಯಿತು, ಕಾಗದ ಹೋಯಿತು.

ಇನ್ನೂ ಹಿಂದಕ್ಕೆ ಹೋದರೆ, ನಮ್ಮ ಹಿರಿಯರು ಕಾಗದವನ್ನೂ ನಂಬಲಿಲ್ಲ. ಬಸವಣ್ಣನವರ ಕೂಡಲಸಂಗಮದೇವ, ಅಕ್ಕನ ಚೆನ್ನಮಲ್ಲಿಕಾರ್ಜುನ, ಕನಕದಾಸರ ಕಾಗಿನೆಲೆಯಾದಿಕೇಶವ ಇವೆಲ್ಲ ಹಾಡಿನ ಮೈಯೊಳಗೇ ಹೆಣೆದ ಗುರುತುಗಳು. ಮುತ್ತುಸ್ವಾಮಿ ದೀಕ್ಷಿತರು 'ಗುರುಗುಹ' ಎಂಬ ಮುದ್ರೆಯ ಜೊತೆಗೆ ಅನೇಕ ಕೃತಿಗಳಲ್ಲಿ ರಾಗದ ಹೆಸರನ್ನೂ ಸೇರಿಸಿದರು. ಇಷ್ಟು ಜೋಪಾನವಾಗಿ ಬಂದ ಹಾಡನ್ನು ಕೊನೆಯವರೆಗೆ ಕೇಳದೆ ತಪ್ಪು ಹೆಸರು ಹಚ್ಚಿದ ನನ್ನಂಥವನಿಗೆ ಏನು ಹೇಳಬೇಕು?

ಗ್ರಾಮಫೋನಿನ ಕಾಲದ ಒಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಕಲ್ಕತ್ತೆಯಲ್ಲಿ 1902ರ ನವೆಂಬರಿನಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಾಗ, ತಟ್ಟೆಗಳು ತಯಾರಾಗಬೇಕಾಗಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯಬೇಕಲ್ಲವೆ? ಅದಕ್ಕಾಗಿ ಆಕೆ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಹೇಳುತ್ತಿದ್ದರು. ಆ ದನಿಯನ್ನು ಈಗಲೂ ಕೇಳಬಹುದು. ದೇಶವನ್ನೇ ಮೆಚ್ಚಿಸಿದ ಆ ಗಾಯಕಿ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡರು. ಅವರ ಹೆಸರನ್ನು ಇಂದಿಗೂ ಯಾರೂ ಅಳಿಸಲಾಗದು, ಏಕೆಂದರೆ ಅದು ಹಾಡಿಗೆ ಅಂಟಿಕೊಂಡೇ ಇದೆ.

ಇನ್ನು ತಿದ್ದುವ ಕೆಲಸದ ತೊಡಕುಗಳಿಗೆ ಬರೋಣ. ನನ್ನ ಪಟ್ಟಿಯಲ್ಲಿ ಕಾಳಿಂಗರಾಯರು ನಾಲ್ಕು ಜನರಾಗಿದ್ದರು: ಪಿ. ಕಾಳಿಂಗರಾವ್, ಕಾಳಿಂಗರಾಯ, ಪಾಂಡೇಶ್ವರ ಕಾಳಿಂಗರಾವ್, ಜೊತೆಗೆ ಕಾಗುಣಿತ ತಪ್ಪಿದ ಮತ್ತೊಬ್ಬರು. ಹೆಸರನ್ನು ಒಂದೇ ರೀತಿ ಬರೆಯದಿದ್ದರೆ ಯಂತ್ರಕ್ಕೆ ಅವರೆಲ್ಲ ಬೇರೆಬೇರೆಯವರೇ. ಗೆಳೆಯರೊಬ್ಬರು ಬಹಳ ಹಿಂದೆ ಕೊಟ್ಟ ಹಾಡುಗಳಲ್ಲಿ ಹೆಸರುಗಳನ್ನು ಹಳೆಯ ಕನ್ನಡ ಫಾಂಟಿನಲ್ಲಿ ಟೈಪು ಮಾಡಿದ್ದರಿಂದ, ಈಗ ಅವೆಲ್ಲ ಅರ್ಥವಿಲ್ಲದ ವಿದೇಶಿ ಅಕ್ಷರಗಳಾಗಿ ಕಾಣುತ್ತಿವೆ. ಅವನ್ನು ಒಂದೊಂದಾಗಿ ಕೇಳಿ ಯೂನಿಕೋಡಿನಲ್ಲಿ ಬರೆಯುತ್ತಿದ್ದೇನೆ.

ಇದನ್ನೆಲ್ಲ ಕಂಡು ಮೊಮ್ಮಗನಿಗೆ ಕನಿಕರ ಉಂಟಾಯಿತು. "ಅಜ್ಜ, ಇದಕ್ಕೆಲ್ಲ ತಂತ್ರಾಂಶ ಇದೆ. ಅದೇ ಹಾಡನ್ನು ಗುರುತಿಸಿ ಹೆಸರು ಹಾಕುತ್ತದೆ, ಎರಡೆರಡು ಇರುವುದನ್ನು ಅಳಿಸುತ್ತದೆ. ನೀನು ಯಾಕೆ ಕಣ್ಣು ಕೆಡಿಸಿಕೊಳ್ಳುತ್ತೀಯ?" ಎಂದ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಸಿನಿಮಾ ಹಾಡುಗಳ ಮಟ್ಟಿಗೆ ಅಂಥ ತಂತ್ರಾಂಶ ನನಗೂ ನೆರವಾಯಿತು. ಆದರೆ ಎರಡು ಕಡೆ ನಾನು ಅದರ ಕೈಹಿಡಿದು ನಿಲ್ಲಿಸಿದೆ.

ಮೊದಲನೆಯದು ಕುವೆಂಪು ವಿರಚಿತ ನಮ್ಮ ನಾಡಗೀತೆ. ನನ್ನಲ್ಲಿ ಅದರ ಎರಡು ಪ್ರತಿಗಳಿದ್ದವು. ಹೆಸರು ಒಂದೇ, ಕವಿ ಒಬ್ಬರೇ. ತಂತ್ರಾಂಶ ಒಂದನ್ನು ಅಳಿಸೋಣವೆ ಎಂದು ಕೇಳಿತು. ಕೇಳಿದರೆ ಒಂದು ಮೈಸೂರು ಅನಂತಸ್ವಾಮಿಯವರ ಧಾಟಿ, ಇನ್ನೊಂದು ಅಶ್ವತ್ಥರ ಧಾಟಿ. 2004ರಲ್ಲಿ ನಾಡಗೀತೆಯಾದ ಈ ಪದ್ಯವನ್ನು ಯಾವ ಧಾಟಿಯಲ್ಲಿ ಹಾಡಬೇಕೆಂದು ವರ್ಷಗಟ್ಟಲೆ ಚರ್ಚೆ ನಡೆದು, 2022ರ ಸೆಪ್ಟೆಂಬರಿನಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನು ಅಧಿಕೃತಗೊಳಿಸಿ, 2 ನಿಮಿಷ 30 ಸೆಕೆಂಡುಗಳ ಅವಧಿಯನ್ನು ನಿಗದಿಪಡಿಸಿತು. ನಾಡೇ ಚರ್ಚಿಸಿದ ವ್ಯತ್ಯಾಸ ಯಂತ್ರಕ್ಕೆ ಕಾಣಲಿಲ್ಲ, ಏಕೆಂದರೆ ಸಂಯೋಜಕರ ಖಾನೆಯನ್ನು ನಾನು ಖಾಲಿ ಬಿಟ್ಟಿದ್ದೆ.

ಎರಡನೆಯದು ರಾಗಗಳ ವಿಷಯ. ಕರ್ನಾಟಕವು ಎರಡೂ ಸಂಗೀತ ಪದ್ಧತಿಗಳ ಕೂಡುನೆಲ. ಮೈಸೂರಿನ ಕಡೆಯದೂ ನನ್ನಲ್ಲಿದೆ, ಧಾರವಾಡದ ಕಡೆಯದೂ ಇದೆ. ಕರ್ನಾಟಕ ಪದ್ಧತಿಯ ಹಿಂದೋಳಕ್ಕೆ ಹಿಂದೂಸ್ತಾನಿಯಲ್ಲಿ ಹತ್ತಿರದ್ದು ಮಾಲಕಂಸ. ಹಿಂದೂಸ್ತಾನಿಯ ಹಿಂಡೋಲ್ ಬೇರೆಯದೇ ರಾಗ. ಭೈರವಿಯೂ ಹಾಗೆಯೇ, ತೋಡಿಯೂ ಹಾಗೆಯೇ: ಹೆಸರು ಒಂದು, ರಾಗ ಎರಡು. ಇವನ್ನೆಲ್ಲ ಹೆಸರು ನೋಡಿ ಒಂದೇ ಗುಂಪಿಗೆ ಸೇರಿಸಿದರೆ ಕಲಿಯುವ ಮಕ್ಕಳು ದಾರಿ ತಪ್ಪುತ್ತಾರೆ. ರಾಗದ ಜೊತೆಗೆ ಪದ್ಧತಿಯನ್ನೂ ಬರೆಯಬೇಕು.

"ಈಗ ಯಾರು ಹಾಡನ್ನು ಕೂಡಿಡುತ್ತಾರೆ? ಬೇಕಾದಾಗ ಫೋನಿನಲ್ಲಿ ಹುಡುಕಿದರೆ ಸಿಗುತ್ತದೆ" ಎಂದು ನಿಮ್ಮಲ್ಲಿ ಹಲವರು ಹೇಳುವಿರಿ. ಹುಡುಕಲು ಹೆಸರು ಗೊತ್ತಿರಬೇಕಲ್ಲವೆ? ಅಲ್ಲದೆ ಆ ಹೆಸರುಗಳನ್ನು ತುಂಬುವವರೂ ನನ್ನಂಥ ಅವಸರದ ಮನುಷ್ಯರೇ. ಒಂದು ಕಡೆ ಆದ ತಪ್ಪು ನಕಲಾಗುತ್ತ ಹೋಗಿ, ಹತ್ತು ಕಡೆ ಕಂಡಾಗ ಅದೇ ನಿಜವೆನಿಸುತ್ತದೆ. ನನ್ನ ಐವತ್ತು ಹಾಡುಗಳನ್ನು ಅದೆಷ್ಟು ಬಂಧುಗಳು ನಕಲು ಮಾಡಿಕೊಂಡಿದ್ದೀರೋ, ದಯವಿಟ್ಟು ತಿದ್ದಿಕೊಳ್ಳಿರಿ.

ಕೊನೆಯದಾಗಿ, ಮನಸ್ಸಿಗೆ ಹತ್ತಿರವಾದ ಒಂದು ಮಾತು. ತಂತ್ರಾಂಶ ಗುರುತಿಸಲಾಗದೆ 'ಅಪರಿಚಿತ ಕಲಾವಿದರು' ಎಂದು ಬದಿಗಿಟ್ಟ ನೂರಹನ್ನೆರಡು ಕಡತಗಳಿದ್ದವು. ಅವನ್ನು ಅಳಿಸಿದರೆ ಜಾಗ ಉಳಿಯುತ್ತದೆ ಎಂದು ಮೊಮ್ಮಗ ಹೇಳಿದ. ಅಳಿಸುವ ಮೊದಲು ಕೇಳೋಣವೆಂದು ಕುಳಿತೆ. 'ಟ್ರ್ಯಾಕ್ 07' ಎಂಬುದನ್ನು ಒತ್ತಿದರೆ ಮೊದಲು ಟೇಪಿನ ಸುಯ್ಯೆಂಬ ಸದ್ದು, ಪಾತ್ರೆ ಬಿದ್ದ ಸದ್ದು, ಯಾರೋ ನಕ್ಕದ್ದು. ಆಮೇಲೆ ನಮ್ಮ ಅಕ್ಕನ ದನಿ! 1986ರಲ್ಲಿ ತಮ್ಮನ ಮದುವೆಯಲ್ಲಿ ಅವಳು ಬೀಗರನ್ನು ಹಾಸ್ಯ ಮಾಡಿ ಹಾಡಿದ ಹಾಡು. ಅಕ್ಕ ತೀರಿಕೊಂಡು ಹದಿಮೂರು ವರ್ಷಗಳಾದವು. ಅಂಥವು ಒಟ್ಟು ಹನ್ನೊಂದು ಹಾಡುಗಳಿದ್ದವು. ಮೊಮ್ಮಗ ಅವಳನ್ನು ಸರಿಯಾಗಿ ನೋಡಿದವನೇ ಅಲ್ಲ; ಅವನಿಗೆ ಆ ದನಿ ಅಪರಿಚಿತವೇ. ತಪ್ಪು ಅವನದಲ್ಲ. ಗೊತ್ತಿದ್ದವನು ನಾನು, ಬರೆಯದೆ ಬಿಟ್ಟವನೂ ನಾನೇ.

ಈಗ ಹಾಡಿದವರ ಖಾನೆಯಲ್ಲಿ ಬರಿಯ 'ಅಕ್ಕ' ಎಂದು ಬರೆದಿಲ್ಲ; ಯಾರ ಅಕ್ಕ ಎಂದು ಮುಂದಿನವರು ಕೇಳುತ್ತಾರೆ. ಅವಳ ಪೂರ್ಣ ಹೆಸರು, ಊರು, ಮದುವೆ ನಡೆದ ತಿಂಗಳು ಎಲ್ಲವನ್ನೂ ಬರೆದಿದ್ದೇನೆ. ಸಾಹಿತ್ಯದ ಖಾನೆಯಲ್ಲಿ 'ಸಂಪ್ರದಾಯದ ಹಾಡು, ಅಮ್ಮನಿಂದ ಕಲಿತದ್ದು' ಎಂದಿದೆ. ಕಟ್ಟಿದವರು ಯಾರೆಂದು ತಿಳಿಯದ ಕಡೆ ಊಹಿಸಿ ಬರೆಯಲಿಲ್ಲ. ಖಾಲಿ ಖಾನೆಯನ್ನು ತಿಳಿದವರು ಎಂದಾದರೂ ತುಂಬಿಯಾರು. ತಪ್ಪು ತುಂಬಿದ ಖಾನೆಯನ್ನು ಯಾರೂ ತಿರುಗಿ ನೋಡುವುದಿಲ್ಲ.

ಶಾಲೆಯಲ್ಲಿ ಹಾಜರಿ ಕರೆಯುವಾಗ ನಿಮ್ಮ ಹೆಸರನ್ನು ತಪ್ಪಾಗಿ ಕರೆದರೆ ನೀವು ಎದ್ದು ನಿಂತು ತಿದ್ದುತ್ತಿದ್ದಿರಿ. ಷರೀಫರಾಗಲಿ, ಜಗನ್ನಾಥದಾಸರಾಗಲಿ, ನಮ್ಮ ಅಕ್ಕನಾಗಲಿ ಎದ್ದು ನಿಲ್ಲಲಾರರು. ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಈ ಭಾನುವಾರ ನಿಮ್ಮ ಸಂಗ್ರಹದ ಹತ್ತೇ ಹಾಡುಗಳನ್ನು ತೆರೆದು, ಕೊನೆಯವರೆಗೆ ಕೇಳಿ, ಬರೆದವರ ಹೆಸರನ್ನು ಹಾಕಿರಿ. ಮನೆಯಲ್ಲಿ ಹಿರಿಯರ ದನಿಯಿರುವ ಟೇಪುಗಳಿದ್ದರೆ ಅವುಗಳಿಂದಲೇ ಆರಂಭಿಸಿರಿ; ಗುರುತು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಕೇಳಿ ಬರೆದುಕೊಳ್ಳಿರಿ.

ಅಂದಹಾಗೆ, ಪೆಂಡಾಲಿನಲ್ಲಿ ನನ್ನ ತಪ್ಪು ಹಿಡಿದ ಆ ತಾಯಿಯ ಮನೆಗೆ ಮೊಮ್ಮಗಳೊಂದಿಗೆ ಹೋಗಿ ಬಂದೆ. ಉಳಿದ ನಲವತ್ತೊಂಬತ್ತು ಪದಗಳನ್ನೂ ಅವರೊಂದಿಗೆ ಕುಳಿತು ಕೇಳುತ್ತಿದ್ದೇವೆ. ಇಲ್ಲಿಯವರೆಗೆ ಇನ್ನೂ ಆರು ತಪ್ಪುಗಳು ಸಿಕ್ಕಿವೆ.

ಇಂತು ನಿಮ್ಮ,
ಮೇಷ್ಟ್ರು