ಮಾನಿಟರಿನಾಗ ಅವ್ವನ ಮುಖ

ಇಂಡಿಯ ನಮ್ಮ ಲಿಂಬಿ ತೋಟದಾಗ ಮಟಮಟ ಮಧ್ಯಾಹ್ನ ಅವ್ವನ ವಿಡಿಯೊ ತೆಗೆದಿದ್ದೆ. ಫೋನಿನಲ್ಲಿ ಬಿಸಿಲು ಝಗಝಗ. ಮಾನಿಟರಿನಲ್ಲಿ ನೋಡಿದರೆ ಅವ್ವನ ಮುಖಕ್ಕೆ ಬೂದಿ ಬಳಿದಂಗ! ಹೊಸ ಮಾನಿಟರ್ ಆರ್ಡರ್ ಮಾಡಲಿಕ್ಕೇ ಹೊಂಟಿದ್ದೆ.

ಆದ್ರೆ ತಪ್ಪು ಸೆಟ್ಟಿಂಗಿನದು. ವಿಡಿಯೊ ಎಚ್‌ಡಿಆರ್, ವಿಂಡೋಸ್ 11ರಲ್ಲಿ ಅದು ಆಫ್ ಇತ್ತು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಒಳಗೆ ಹೋಗಿ 'ಯೂಸ್ ಎಚ್‌ಡಿಆರ್' ಆನ್ ಮಾಡಿ. ಮೈಕ್ರೋಸಾಫ್ಟ್ ಸ್ಟೋರಿನಿಂದ 'ವಿಂಡೋಸ್ ಎಚ್‌ಡಿಆರ್ ಕ್ಯಾಲಿಬ್ರೇಶನ್' ಆ್ಯಪ್ ಹಾಕಿಕೊಂಡು ಹೊಂದಿಸಿ. ಉಳಿದದ್ದೆಲ್ಲ ಮಂಕಾದರೆ 'ಎಸ್‌ಡಿಆರ್ ಕಂಟೆಂಟ್ ಬ್ರೈಟ್‌ನೆಸ್' ಏರಿಸಿ.

ಕೊಳ್ಳೋರಿಗೆ ಒಂದು ಮಾತು: 'ಡಿಸ್‌ಪ್ಲೇಎಚ್‌ಡಿಆರ್ 400' ಅಂದ್ರೆ 400 ನಿಟ್ಸ್ ಬೆಳಕಿನ ಮೊದಲ ಮೆಟ್ಟಿಲು ಅಷ್ಟೇ. ನನ್ನದೂ ಅದೇ. ಅವ್ವನ ಮುಖದ ಬಣ್ಣ ಬಂತು, ಬಿಸಿಲು ಪೂರ್ತಿ ಬರಲಿಲ್ಲ. ಅದಕ್ಕೆ ಊರಿಗೇ ಹೋಗಬೇಕು.